ಜಯವ್ವನ ಪುಡಿ ಉಂಗುರ

ಗದಿಗೆವ್ವನಿಗೆ ಬಂಗಾರದ ಆಸೆ ಇರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಬಂಗಾರಕ್ಕಾಗಿ ಅವಳು ಯಾರ ಮೇಲೂ ಹೊಟ್ಟೆಕಿಚ್ಚು ಪಟ್ಟವಳಲ್ಲ. ಹದಿನಾಲ್ಕು ವರ್ಷ ಒಂದೇ ಒಲೆಯ ಮುಂದೆ ರೊಟ್ಟಿ ಬಡಿದ ಆ ಹೆಂಗಸಿನ ಹೊಟ್ಟೆಗೆ ಬೆಂಕಿ ಇಟ್ಟದ್ದು ನಾಲ್ಕಾಣೆ ಬಾಳದ ಒಂದು ಪ್ಲಾಸ್ಟಿಕ್ ಉಂಗುರ. ಅದು ಅವಳ ನೆಗೆಣ್ಣಿ ಜಯವ್ವನ ಬೆರಳಲ್ಲಿತ್ತು.

ಮೇಡ್ಲೇರಿಯಲ್ಲಿ ಅವರದು ಊರ ಕೊನೆಯ ಮನೆ. ಹಿತ್ತಲ ಬಾಗಿಲು ತೆಗೆದರೆ ಬಾವಿ, ಬಾವಿ ದಾಟಿದರೆ ಹೊಲ. ಅತ್ತೆ ಮುದುಕವ್ವ ಹೆಸರಿಗೆ ತಕ್ಕಂತೆ ಮುದುಕಿಯಾಗಿದ್ದಳು, ಬಾಯಿ ಮಾತ್ರ ಆಗಿರಲಿಲ್ಲ. ಹಿರಿಯ ಮಗ ಸಿದ್ದಲಿಂಗಪ್ಪ, ಗದಿಗೆವ್ವನ ಗಂಡ, ಎತ್ತಿನ ಜೊತೆ ಮಾತಾಡಿದಷ್ಟು ಮನುಷ್ಯರ ಜೊತೆ ಮಾತಾಡುತ್ತಿರಲಿಲ್ಲ. ಕಿರಿಯ ಮಗ ಪ್ರಭುಲಿಂಗಪ್ಪ ಪಿಯುಸಿವರೆಗೆ ಓದಿದವನು, ಪೇಪರು ತರಿಸುವವನು. ಅವನ ಹೆಂಡತಿ ಜಯವ್ವ ಐರಣಿಯವಳು, ಎಸ್ಸೆಸ್ಸೆಲ್ಸಿ ಪಾಸು. ಮನೆಗೆ ಬಂದು ನಾಲ್ಕು ವರ್ಷವಾಗಿತ್ತು.

ಗದಿಗೆವ್ವ ಕದರಮಂಡಲಗಿಯವಳು. ಮದುವೆಯಾಗಿ ಬರುವಾಗ ಅವಳ ಅವ್ವ ಸೀರೆಯ ಸೆರಗಿಗೆ ಒಂದು ಹಿಡಿ ಮೆಣಸಿನ ಬೀಜ ಕಟ್ಟಿ ಕಳಿಸಿದ್ದಳು. ದಪ್ಪ, ಸುಕ್ಕು ಸುಕ್ಕಾದ, ಕಡುಗೆಂಪು ಡಬ್ಬಿ ಮೆಣಸಿನಕಾಯಿ. ಖಾರ ಕಡಿಮೆ, ಬಣ್ಣ ಧಾರಾಳ. ಅಂದಿನಿಂದ ಆ ಮನೆಯ ಮೆಣಸಿನಕಾಯಿ ಎಂದರೆ ಗದಿಗೆವ್ವನ ತವರಿನದು. ಪ್ರತಿ ಸುಗ್ಗಿಗೆ ಅವಳೇ ಗಿಡ ಗಿಡ ನೋಡಿ ಬೀಜದ ಕಾಯಿ ಆರಿಸುತ್ತಿದ್ದಳು. ಬೂದಿಯಲ್ಲಿ ಕಲಸಿ ಗಡಿಗೆಯಲ್ಲಿಟ್ಟು ಬಾಯಿಗೆ ಸಗಣಿ ಮೆತ್ತಿ ಅಟ್ಟಕ್ಕೆ ಏರಿಸುತ್ತಿದ್ದಳು. ಬ್ಯಾಡಗಿ ಪೇಟೆಯ ದಲಾಲಿ ಚೀಲ ಬಿಚ್ಚದೆ ವಾಸನೆಯಲ್ಲೇ "ಇದು ಸಿದ್ದಲಿಂಗಪ್ಪನ ಮಾಲು" ಎನ್ನುತ್ತಿದ್ದ. ಮಾತಿಲ್ಲದ ಗಂಡ ಊರಿಗೆ ಬಂದು ಅದೊಂದು ಮಾತನ್ನು ತಪ್ಪದೆ ಹೆಂಡತಿಗೆ ಒಪ್ಪಿಸುತ್ತಿದ್ದ. ವರ್ಷವಿಡೀ ಅವಳು ಅದರ ಮೇಲೇ ಬದುಕುತ್ತಿದ್ದಳು ಎಂದರೂ ನಡೆದೀತು.

ತೊಂಬತ್ಮೂರರ ಮುಂಗಾರಿಗೆ ರಾಣೆಬೆನ್ನೂರಿನಿಂದ ಮೋಟಾರ್ ಸೈಕಲ್ ಮೇಲೆ ಪರಮೇಶಪ್ಪ ಬಂದ. ಬೀಜದ ಕಂಪನಿಯೊಂದರ ಪರವಾಗಿ ಹೊಲ ಗೊತ್ತು ಮಾಡುವವನು. ಪಡಸಾಲೆಯಲ್ಲಿ ಕುಳಿತು ಎರಡು ಕಪ್ಪು ಚಹಾ ಕುಡಿದು ಲೋಕದ ಸುದ್ದಿ ಹೇಳಿದ. ದಿಲ್ಲಿಯವರು ಬಾಗಿಲು ತೆರೆದಿದ್ದಾರಂತೆ. ಇನ್ನು ಬೀಜ ಎಲ್ಲಿಂದಾದರೂ ಬರಬಹುದು, ಎಲ್ಲಿಗಾದರೂ ಹೋಗಬಹುದು, ತಡೆಯುವವರಿಲ್ಲವಂತೆ. ಮೇಡ್ಲೇರಿಯ ಹೊಲದ ಬೀಜ ಹಡಗು ಹತ್ತಿ ಥೈಲ್ಯಾಂಡಿಗೆ ಹೋಗುತ್ತದಂತೆ. ಕಂಪನಿ ಹೆಣ್ಣು ಗಿಡದ ಸಸಿಯನ್ನೂ ಗಂಡು ಗಿಡದ ಸಸಿಯನ್ನೂ ಕೊಡುತ್ತದೆ. ಹೂವಿಗೆ ಹೂವು ಕೈಯಿಂದ ಕೂಡಿಸಿ ಕಾಯಿ ಮಾಡಬೇಕು. ಕಾಯಿ ಒಡೆದು ಬೀಜ ತೆಗೆದು ಕಾಳೂ ಬಿಡದೆ ಕಂಪನಿಗೆ ಕೊಡಬೇಕು.

ಮುದುಕವ್ವ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದಳು. "ಕಾಯಿ ತಿನ್ನೂವಂಗಿಲ್ಲ, ಬೀಜ ಇಟ್ಟುಕೊಳ್ಳೂವಂಗಿಲ್ಲ. ಮತ್ತ ನಾವು ಬೆಳಿಯೂದು ಏನಪಾ?"

"ರೊಕ್ಕ, ಅವ್ವಾ," ಎಂದ ಪ್ರಭುಲಿಂಗಪ್ಪ.

ಒಂದು ಷರತ್ತಿತ್ತು. ಕಂಪನಿಯ ಹೊಲದ ಸುತ್ತ ಇನ್ನೂರು ಮೀಟರಿನೊಳಗೆ ಬೇರೆ ಯಾವ ಮೆಣಸಿನ ಗಿಡವೂ ಇರಬಾರದು. ಜೇನು ಹಾರಿ ಬಂದು ಬೇರೆ ಹೂವಿನ ಪುಡಿ ತಂದು ತಳಿ ಕೆಡಿಸುತ್ತದಂತೆ. ಪರಮೇಶಪ್ಪ ಹಗ್ಗ ಹಿಡಿದು ಅಳೆದ. ಹಗ್ಗ ಹೊಲ ದಾಟಿತು, ಬಾವಿ ದಾಟಿತು, ಹಿತ್ತಲಲ್ಲಿ ಗದಿಗೆವ್ವ ಆಗಷ್ಟೇ ಹಾಕಿದ್ದ ಸಸಿಮಡಿಯನ್ನೂ ದಾಟಿ ಒಳಮನೆಯ ಹೊಸ್ತಿಲಿಗೆ ಬಂತು.

ಸಸಿಮಡಿ ಕಿತ್ತೊಗೆಯಬೇಕು ಎಂದಾಗ ಗದಿಗೆವ್ವ ಸೆರಗು ಸಿಕ್ಕಿಸಿ ನಿಂತಳು. ಒಂದು ವರ್ಷ ಬಿಟ್ಟರೆ ಏನಾದೀತು ಎಂದ ಮೈದುನ. "ಎರಡನೇ ವರ್ಷಕ್ಕ ಮೆಣಸಿನಬೀಜ ಕಣ್ಣು ಮುಚ್ಚತೈತಿ. ಪೇಪರಿನ್ಯಾಗ ಅದು ಬರೂದಿಲ್ಲೇನು?" ಎಂದಳು. ತವರಿನಿಂದ ಮತ್ತೆ ತಂದರಾಯಿತು ಎನ್ನಲೂ ದಾರಿಯಿರಲಿಲ್ಲ. ಕದರಮಂಡಲಗಿಯ ಅಣ್ಣಂದಿರು ಅಂಗಡಿಯ ಬೀಜಕ್ಕೆ ಹೊರಳಿ ಮೂರು ವರ್ಷವಾಗಿತ್ತು. ಆ ಡಬ್ಬಿ ಉಳಿದದ್ದು ಈ ಮನೆಯ ಗಡಿಗೆಯಲ್ಲಿ ಮಾತ್ರ.

ಜಯವ್ವ ಬಾಗಿಲ ಸಂದಿಯಿಂದ, "ಮುಂದಿನ ವರ್ಷ ಬ್ಯಾರೆ ಕಡೆ ಹಚ್ಚೂಣು ಬಿಡಕ್ಕಾ" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ಗಾಯದ ಮೇಲೆ ಉಪ್ಪು ಬಿದ್ದಾಗ ಉಪ್ಪಿನ ಮನಸ್ಸು ಎಂಥದೆಂದು ಯಾರು ಕೇಳುತ್ತಾರೆ? ಮಡಿ ಕಿತ್ತವನು ಮೈದುನನಲ್ಲ, ಗಂಡ. ಅವನು ಕಿತ್ತು ಎಮ್ಮೆಯ ಗೋದಲಿಗೆ ಹಾಕಿದ. ಎಮ್ಮೆ ಮೂಸಿ ನೋಡಿ ಬಿಟ್ಟಿತು.

ಸೆಪ್ಟೆಂಬರಿನಲ್ಲಿ ಹೂವು ಬಿಟ್ಟಾಗ ಜಯವ್ವ ರಾಣೆಬೆನ್ನೂರಿನಲ್ಲಿ ಎಂಟು ದಿನ ಕೆಲಸ ಕಲಿತು ಬಂದಳು. ಬಲು ನಾಜೂಕಿನ ಕೆಲಸ. ಸಂಜೆ ಹೆಣ್ಣು ಗಿಡದ ಮೊಗ್ಗನ್ನು ಚಿಮುಟದಿಂದ ಬಿಡಿಸಿ ಒಳಗಿನ ಗಂಡು ಕೇಸರಗಳನ್ನು ಒಂದೊಂದಾಗಿ ಕೀಳಬೇಕು. ಮರುದಿನ ಬೆಳಿಗ್ಗೆ ಗಂಡು ಗಿಡದ ಹೂವಿನ ಪುಡಿಯನ್ನು ಅದಕ್ಕೆ ಮುಟ್ಟಿಸಬೇಕು. ಮುಟ್ಟಿಸಿದ ಹೂವಿನ ತೊಟ್ಟಿಗೆ ಕೆಂಪು ದಾರ ಕಟ್ಟಬೇಕು. ದಾರವಿದ್ದ ಕಾಯಿ ಕಂಪನಿಯದು, ದಾರವಿಲ್ಲದ್ದು ತನ್ನಷ್ಟಕ್ಕೆ ತಾನೇ ಕಟ್ಟಿದ ಕಾಯಿ, ಅದನ್ನು ಕಿತ್ತೊಗೆಯಬೇಕು. ಆ ಪುಡಿ ತುಂಬಿಕೊಳ್ಳಲು ಸಣ್ಣ ಬಟ್ಟಲಿರುವ ಉಂಗುರವೊಂದು. ಹದಿನಾರು ಹೆಂಗಸರ ಗುಂಪಾಯಿತು, ಜಯವ್ವ ಅವರ ಮುಖ್ಯಸ್ಥೆ. ಅವಳು ಬೆರಳಿಗೆ ಉಂಗುರ ಹಾಕಿಕೊಂಡು ಸಾಲು ಹಿಡಿದರೆ ಹೂವಿಗೂ ಗೊತ್ತಾಗದಂತೆ ಕೆಲಸ ಮುಗಿಯುತ್ತಿತ್ತು.

ಗದಿಗೆವ್ವನೂ ಒಂದು ದಿನ ಕುಳಿತು ನೋಡಿದಳು. ಕುಂಟೆ ಹಿಡಿದು, ರೊಟ್ಟಿ ತಟ್ಟಿ ಬಲಿತ ಬೆರಳು. ಮುಟ್ಟಿದ ಮೊಗ್ಗೆಲ್ಲ ಮುರಿದು ಮಡಿಲಿಗೆ ಬಿತ್ತು. ಪರಮೇಶಪ್ಪ ನಗುತ್ತ, "ಅಕ್ಕಾರ, ನೀವು ಅಡಗಿ ಕಡೆ ನೋಡ್ರಿ" ಎಂದ. ಮೆಣಸಿನ ಗಿಡದ ಮುಂದೆ ಅವಳಿಗೆ ಆ ಮಾತು ಹೇಳಿದವರು ಅದುವರೆಗೆ ಯಾರೂ ಇರಲಿಲ್ಲ.

ಅವಳು ಅಡುಗೆ ಕಡೆ ನೋಡಿದಳು. ದಿನಾ ಐವತ್ತು ರೊಟ್ಟಿ, ಒಂದು ಹಂಡೆ ಪಲ್ಯ, ಎರಡು ಕೊಡ ಮಜ್ಜಿಗೆ. ಮೊದಲಾದರೆ ರೊಟ್ಟಿಯ ಜೊತೆ ಹೊಲದ ಬದುವಿನ ಹಕ್ಕರಕಿ ಸೊಪ್ಪು ಹಸಿಯಾಗೇ ಇರುತ್ತಿತ್ತು. ಈಗ ನಾಲ್ಕು ದಿನಕ್ಕೊಮ್ಮೆ ಗಿಡಕ್ಕೆ ಹುಳದ ಎಣ್ಣೆ ಹೊಡೆಯುತ್ತಿದ್ದರಿಂದ ಬದುವಿನದೇನೂ ಬಾಯಿಗೆ ಇಡುವಂತಿರಲಿಲ್ಲ. ಹುಣಸೆಮರದಲ್ಲಿದ್ದ ಜೇನು ಒಂದು ವಾರದಲ್ಲಿ ಖಾಲಿಯಾಯಿತು. ಗೂಡಿನ ಕೆಳಗೆ ಉದುರಿದ ಹುಳಗಳನ್ನು ಮುದುಕವ್ವ ಕಸಬರಿಗೆಯಿಂದ ಗುಡಿಸಿದಳು. ಪರಮೇಶಪ್ಪನಿಗೆ ಖುಷಿ. ಕಳ್ಳರು ತಾವಾಗೇ ಹೋದರು ಎಂದ.

ಸಂಜೆ ಊಟಕ್ಕೆ ಕುಳಿತರೆ ಮಾತೆಲ್ಲ ಜಯವ್ವನದೇ. ಇವತ್ತು ಎಷ್ಟು ಸಾಲಾಯಿತು, ನಾಳೆ ಎಷ್ಟು. ಮುದುಕವ್ವನೂ ಕಿರಿಸೊಸೆಯ ತಾಟಿಗೆ ಬೆಣ್ಣೆ ಹಾಕುವಾಗ, ಪಾಪ ದಿನವಿಡೀ ಕಣ್ಣಿಗೆ ಕೆಲಸ ಎಂದಳು. ಐವತ್ತು ರೊಟ್ಟಿ ಬಡಿದ ಕೈಗೆ ಬೆಣ್ಣೆ ಯಾರೂ ಹಾಕಲಿಲ್ಲ. ಕಡೆಗೆ ಗದಿಗೆವ್ವನ ಎಂಟು ವರ್ಷದ ಮಗಳು ಜೋಳದ ದಂಟಿನ ಸಿಬಿರು ಬಾಗಿಸಿ ಬೆರಳಿಗೆ ಸಿಕ್ಕಿಸಿಕೊಂಡು, "ನಾ ಚಿಗವ್ವ ಆಗೇನಿ" ಎಂದು ಅಂಗಳದಲ್ಲಿ ಆಡತೊಡಗಿತು. ಗದಿಗೆವ್ವ ಕಾರಣವಿಲ್ಲದೆ ಮಗಳ ಬೆನ್ನಿಗೊಂದು ಕೊಟ್ಟಳು.

ಮರುದಿನ ಮಧ್ಯಾಹ್ನ ಹೆಂಗಸರೆಲ್ಲ ಬೇವಿನ ಮರದಡಿ ಉಣ್ಣುತ್ತಿದ್ದರು. ಗದಿಗೆವ್ವ ಖಾಲಿ ಮಜ್ಜಿಗೆ ಕೊಡ ಹೊತ್ತು ಹೊಲದ ಒಳಗಿಂದ ಹೊರಟಳು. ಬದುವಿನ ಮೇಲೆ ಕೆಂಪು ದಾರದ ಉಂಡೆ ಬಿದ್ದಿತ್ತು. ಜಯವ್ವ ತಾನೇ ಮಾಡುವ ನಾಲ್ಕು ಸಾಲು ಅಲ್ಲೇ ಎದುರಿಗಿದ್ದವು. ಯಾರೂ ಮುಟ್ಟದೆ ತಾವೇ ಅರಳಿ ಕಾಯಿ ಕಚ್ಚಿದ ಹೂವು ಗಿಡಕ್ಕೆ ಹತ್ತಾರು. ಮೊಗ್ಗು ಬಿಡಿಸಲು ಬಾರದ ಬೆರಳಿಗೆ ಗಂಟು ಹಾಕಲು ಬರುತ್ತಿತ್ತು. ಅವಳು ಕುಳಿತು ದಾರ ಕಟ್ಟಿದಳು.

ಅವಳ ಲೆಕ್ಕಾಚಾರ ಹೀಗಿತ್ತು. ಕೈಯಿಂದ ಕೂಡಿಸಿದ ಕಾಯಿ ಸಣ್ಣದು, ತುಸು ಸೊಟ್ಟ. ತಾನಾಗಿ ಕಟ್ಟಿದ ಕಾಯಿ ದಪ್ಪ, ನೆಟ್ಟಗೆ. ಕಾಯಿ ಹಣ್ಣಾದಾಗ ಪರಮೇಶಪ್ಪ ನೋಡುತ್ತಾನೆ, ನೋಡಿದ ಕೂಡಲೇ ಹಿಡಿಯುತ್ತಾನೆ. ಕೆಲಸ ಮಾಡದೆ ದಾರ ಕಟ್ಟಿದ್ದೀಯ ಎಂದು ನಾಲ್ಕು ಮಂದಿಯ ಮುಂದೆ ಜಯವ್ವನನ್ನು ಬೈದು ಉಂಗುರ ಬಿಚ್ಚಿಸುತ್ತಾನೆ. ಅಷ್ಟಾದರೆ ಸಾಕಿತ್ತು. ಹದಿನೆಂಟು ದಿನ ಅವಳು ಮಜ್ಜಿಗೆ ಕೊಡ ಇಳಿಸಿ ಆ ಸಾಲುಗಳಲ್ಲಿ ಕುಳಿತೆದ್ದಳು.

ತಪ್ಪಿದ್ದು ಅಲ್ಲೇ. ಮೆಣಸಿನ ವ್ಯಾಪಾರಕ್ಕೆ ಬಂದವನಿಗೆ ಮೆಣಸಿನಕಾಯಿ ಗೊತ್ತಿರುತ್ತದೆ ಎಂದು ಅವಳು ನಂಬಿದ್ದಳು. ಅವನಿಗೆ ಗೊತ್ತಿದ್ದದ್ದು ತಕ್ಕಡಿ. ಜನವರಿಯಲ್ಲಿ ಬೀಜ ತೂಗಿದಾಗ ಜಯವ್ವನ ನಾಲ್ಕು ಸಾಲು ಉಳಿದವರ ಆರು ಸಾಲಿಗೆ ಸಮ ಬಂದವು. ಪರಮೇಶಪ್ಪ ದಂಗಾದ. ಮುಂದಿನ ವಾರ ಊರ ಕಟ್ಟೆಯ ಮೇಲೆ ಮೂರು ಹಳ್ಳಿಯ ಜನರ ಮುಂದೆ ಕರೆದು ಜಯವ್ವನಿಗೆ ಒಂದು ಪ್ರೆಷರ್ ಕುಕ್ಕರ್ ಬಹುಮಾನ ಕೊಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ಗದಿಗೆವ್ವನೂ ತಟ್ಟಬೇಕಾಯಿತು. ಅತ್ತೆ ಪಕ್ಕದಲ್ಲೇ ಇದ್ದಳಲ್ಲ.

ಕುಕ್ಕರ್ ಯಾರಿಗೆ ಬಂದರೇನು, ಒಲೆಯ ಮುಂದಿದ್ದವಳು ಗದಿಗೆವ್ವ. ಅದು ಸೀಟಿ ಹೊಡೆದಾಗಲೆಲ್ಲ ಅವಳಿಗೆ ತನ್ನನ್ನೇ ನೋಡಿ ಹೊಡೆದಂತೆ ಅನ್ನಿಸುತ್ತಿತ್ತು. ಆದರೆ ಬ್ಯಾಳಿ ಬೇಗ ಬೇಯುತ್ತಿತ್ತು, ಅದೂ ಖರೆ. ಎರಡು ತಿಂಗಳಲ್ಲಿ ಬೈಯುತ್ತ ಬೈಯುತ್ತಲೇ ಅದು ಅವಳ ಕೈಗೆ ಒಗ್ಗಿಹೋಯಿತು.

ಬೀಜವನ್ನು ಕಂಪನಿಯವರು ತಮ್ಮ ಹೊಲದಲ್ಲಿ ಬಿತ್ತಿ ನೋಡುತ್ತಾರೆ, ತಳಿ ಶುದ್ಧವಿದ್ದರೆ ಮಾತ್ರ ಪೂರಾ ರೊಕ್ಕ. ಅದನ್ನು ಪರಮೇಶಪ್ಪ ಮೊದಲೇ ಹೇಳಿದ್ದ, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಮೇ ತಿಂಗಳ ಒಂದು ಬಿಸಿಲಲ್ಲಿ ಅವನು ಬಂದ. ಮೋಟಾರ್ ಸೈಕಲ್ಲಿನಿಂದ ಇಳಿಯಲಿಲ್ಲ. ನೂರಕ್ಕೆ ಹದಿನಾಲ್ಕು ಗಿಡ ಬರೀ ತಾಯಿಯನ್ನೇ ಹೋಲುತ್ತಿವೆ, ಕೂಡಿಸಿದ ಗಿಡಗಳೇ ಅಲ್ಲ ಎಂದ. ಹದಿನಾರು ಹೆಂಗಸರ ಬೀಜವೂ ಒಂದೇ ರಾಶಿಯಲ್ಲಿ ಕೂಡಿತ್ತು, ಆರಿಸಿ ಬೇರೆ ಮಾಡುವಂತಿರಲಿಲ್ಲ. ಇಡೀ ರಾಶಿ ರದ್ದು. ಹೋಗುವಾಗ ಕುಕ್ಕರನ್ನೂ ಕೇಳಿ ಇಸಿದುಕೊಂಡು ಹಿಂದಿನ ಸೀಟಿಗೆ ಹಗ್ಗದಿಂದ ಬಿಗಿದ. ಅದು ಓಣಿಯ ತಿರುವು ದಾಟುವವರೆಗೆ ಗದಿಗೆವ್ವ ನೋಡುತ್ತ ನಿಂತಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ದೊಣ್ಣೆ ಯಾರ ಕೈಯಲ್ಲಿತ್ತೆಂಬುದು ಅವಳೊಬ್ಬಳಿಗೇ ಗೊತ್ತು.

ಹೆಂಗಸರ ಕೂಲಿ ಮುಟ್ಟಿಸಲು ಎಮ್ಮೆ ಮಾರಿದರು. ತಾಟಿನಿಂದ ಬೆಣ್ಣೆ ಹೋಯಿತು, ಮಜ್ಜಿಗೆ ಹೋಯಿತು. ಪ್ರಭುಲಿಂಗಪ್ಪ ಊಟದ ನಡುವೆ ತಾಟು ನೂಕಿ, "ಉಂಗುರಾ ಹಾಕ್ಕೊಂಡು ಮೆರದ್ಯಲ್ಲ, ಕಣ್ಣು ಎಲ್ಲಿಟ್ಟಿದ್ದಿ?" ಎಂದ. ಜಯವ್ವ ಎದ್ದಳು. ಉಂಗುರ, ಚಿಮುಟ ಎರಡನ್ನೂ ಗೋಡೆಯ ಗೂಡಿನಲ್ಲಿಟ್ಟು ಮುಂದೆ ಒಂದು ಗಿಂಡಿ ಸರಿಸಿದಳು.

ನಿಜ ಹೇಳಬೇಕೆಂದರೆ ಮೊದಲ ಎರಡು ದಿನ ಗದಿಗೆವ್ವನ ರೊಟ್ಟಿ ಬಹಳ ಚೆನ್ನಾಗಿ ಉಬ್ಬಿದವು. ಮೂರನೆಯ ದಿನದಿಂದ ಸರಿಹೋಗಲಿಲ್ಲ. ಜಯವ್ವ ಉಪ್ಪಿನ ಡಬ್ಬಿ ಮುಟ್ಟುತ್ತಿರಲಿಲ್ಲ, ಹಿಟ್ಟು ನಾದುತ್ತಿರಲಿಲ್ಲ, ದೀಪಕ್ಕೆ ಎಣ್ಣೆ ಹಾಕೆಂದರೆ ಗದಿಗೆವ್ವನ ಮಗಳನ್ನು ಕರೆಯುತ್ತಿದ್ದಳು. ಪಾತ್ರೆ ತಿಕ್ಕುವಾಗ ಒಮ್ಮೆ, "ನಾ ಒಂದೊಂದು ಹೂವೂ ಎರಡೆರಡು ಸಲ ನೋಡೀನಕ್ಕಾ. ಎಲ್ಲಿ ತಪ್ಪೀನಿ ನಾ?" ಎಂದು ಕೇಳಿದಳು. ಗದಿಗೆವ್ವ ಒಲೆಯ ಬೂದಿ ತೆಗೆಯುವುದರಲ್ಲಿ ಮಗ್ನಳಾದಳು.

ಜೂನಿನಲ್ಲಿ ಮೊದಲ ಮಳೆ ಬಿತ್ತು. ಈ ಸಲ ಹಗ್ಗ ಹಿಡಿದು ಅಳೆಯುವವರು ಯಾರೂ ಬರಲಿಲ್ಲ. ಮುದುಕವ್ವ ಅಟ್ಟದಿಂದ ಗಡಿಗೆ ಇಳಿಸಿ ಗದಿಗೆವ್ವನ ಮುಂದಿಟ್ಟು, ಹೋದ ವರ್ಷದ ಕಂಪನಿ ಬೆಳೆ ಸಾಕು, ನಿನ್ನ ಡಬ್ಬಿ ಹಚ್ಚು ಎಂದಳು. ಎಷ್ಟು ದಿನ ಕಾದಿದ್ದ ಮಾತು ಅದು! ಗದಿಗೆವ್ವ ಸಗಣಿ ಒಡೆದು ಮಡಿಗೆ ಹಾಕಿ ಉಳಿದಿದ್ದ ನೂರೇ ಬೀಜವನ್ನು ಎಣಿಸಿ ತೆಗೆದು ಒದ್ದೆ ಅರಿವೆಯಲ್ಲಿ ಕಟ್ಟಿ ಬೆಚ್ಚಗೆ ಒಲೆಯ ಹಿಂದೆ ಇಟ್ಟಳು.

ಒಂಬತ್ತನೆಯ ದಿನ ಬೆಳಿಗ್ಗೆ ಅರಿವೆ ಬಿಚ್ಚಲು ಕುಳಿತಾಗ ಜೈತೂನಬಿ ಬಂದಳು, ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳು. ಜಗಲಿಯ ಮೇಲೆ ಕುಳಿತು ಸುದ್ದಿ ಹೇಳಿದಳು. ಊರೂರಲ್ಲಿ ಹೊಸ ಗುಂಪು ಕಟ್ಟುತ್ತಿದ್ದಾರೆ, ಇವರನ್ನು ಯಾರೂ ಕರೆಯುತ್ತಿಲ್ಲ. ಮೇಡ್ಲೇರಿಯ ಆ ಹದಿನಾರು ಮಂದಿಯ ಕೈ ಕೆಟ್ಟಿದೆ ಎನ್ನುತ್ತಾರಂತೆ.

"ನಿಮ್ಮ ಕೈ ಅಲ್ಲ, ನಂದು," ಎಂದಳು ಪಕ್ಕದಲ್ಲಿ ಕುಳಿತಿದ್ದ ಜಯವ್ವ. "ನನ್ನ ಹೆಸರು ಹೇಳ್ರಿ. ಆಕೀ ಒಬ್ಬಾಕಿ ಕೆಡಿಸ್ಯಾಳಂತ ಹೇಳಿದ್ರ ನಿಮ್ಮನ್ನ ಕರಕೊಳ್ತಾರ."

ಜೈತೂನಬಿ ಹಾಗೆ ಹೇಳಲಾರೆ ಎಂದು ತಲೆ ಅಲ್ಲಾಡಿಸಿ, ನೀರು ಕುಡಿಯಲು ಬಾವಿ ಕಡೆ ಹೋದಳು.

ಗದಿಗೆವ್ವ ಅರಿವೆ ಬಿಚ್ಚಿದಳು. ನೂರರಲ್ಲಿ ಐದು. ಐದೇ ಬೀಜ ಕೂದಲಿನಷ್ಟು ಬಿಳಿ ಬೇರು ಬಿಟ್ಟಿದ್ದವು. ಉಳಿದವು ಕಂದಿ ಅರಿವೆಗೆ ಅಂಟಿದ್ದವು. ಅವ್ವ ಸೆರಗಿಗೆ ಕಟ್ಟಿದ ಹಿಡಿ ಬೀಜದಲ್ಲಿ ಲೋಕದಲ್ಲಿ ಉಳಿದದ್ದು ಅಷ್ಟೇ. ಅವಳು ಉಸಿರು ಹಿಡಿದು ಒಂದನ್ನು ಎತ್ತಿದಳು. ಬೇರು ಅರಿವೆಯಲ್ಲೇ ಉಳಿದು ಬೀಜ ಬೆರಳಿಗೆ ಬಂತು.

ನಾಲ್ಕು.

ಜಯವ್ವನ ಕೈ ತಾನಾಗಿ ಮುಂದೆ ಬಂತು. ಅರ್ಧಕ್ಕೆ ನಿಂತು ಹಿಂದೆ ಹೋಯಿತು. "ನಾ ಮುಟ್ಟೂದಿಲ್ಲಕ್ಕಾ," ಎಂದಳು. "ನನ್ನ ಕೈಗುಣ ಚಲೋ ಇಲ್ಲ. ಇವೂ ಸತ್ತಾವು."

ಗದಿಗೆವ್ವನಿಗೆ ಪುಣ್ಯದ ನೆನಪಾಯಿತೆಂದು ನಾನು ಹೇಳಲಾರೆ. ಎದುರಿಗೆ ನಾಲ್ಕು ಬೀಜವಿದ್ದವು, ಅವನ್ನು ಮುರಿಯದೆ ಎತ್ತುವ ಬೆರಳು ಆ ಮನೆಯಲ್ಲಿ ಒಬ್ಬಳಿಗೇ ಇತ್ತು.

"ನಿನ್ನ ಕೈಗೇನೂ ಆಗಿಲ್ಲ," ಎಂದಳು. "ನಿನ್ನ ಸಾಲಿನ್ಯಾಗ ದಾರ ಕಟ್ಟಿದಾಕಿ ನಾನು. ನೀವು ಉಣ್ಣಾಕ ಕುಂತಾಗ."

ಮೂಲೆಯಲ್ಲಿ ಕುಳಿತಿದ್ದ ಮುದುಕವ್ವ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದಳು. ಜಯವ್ವ ಬೈಯುತ್ತಾಳೆ, ಕೂದಲು ಹಿಡಿಯುತ್ತಾಳೆ ಎಂದು ಗದಿಗೆವ್ವ ಕಾದಳು. ಜಯವ್ವ ಕೇಳಿದ್ದು ಒಂದೇ.

"ಎಷ್ಟು ಕಟ್ಟಿದಿ?"

"ದಿನಕ್ಕ ನೂರು, ನೂರೈವತ್ತು. ಹದಿನೆಂಟು ದಿನ."

ಜಯವ್ವ ಬೆರಳ ಗೆಣ್ಣು ಎಣಿಸಿದಳು, ಮತ್ತೊಮ್ಮೆ ಎಣಿಸಿದಳು. ನೂರಕ್ಕೆ ಹದಿನಾಲ್ಕು ಎಲ್ಲಿಂದ ಬಂತೆಂದು ತಿಂಗಳಿಂದ ಹುಡುಕುತ್ತಿದ್ದವಳು ಅವಳು. ಈಗ ಲೆಕ್ಕ ಕೂಡಿಬಂತು. "ಹಂಗಾರ ನಾ ಮಾಡಿದ್ದೆಲ್ಲಾ ಸರಿ ಇತ್ತು," ಎಂದು ತನ್ನಷ್ಟಕ್ಕೇ ಹೇಳಿಕೊಂಡಳು. ಅವಳ ಮುಖದ ಮೇಲೆ ಒಂದು ಬೆಳಕು ಬಂತು. ಆಮೇಲೆ ಎದ್ದು ಹಿತ್ತಲ ಬಾಗಿಲಿಗೆ ಹೋಗಿ ಜೈತೂನಬಿಯನ್ನು ಕರೆದಳು. ಗದಿಗೆವ್ವನ ಕಡೆ ತಿರುಗಿ, "ಈಕೀ ಮುಂದನೂ ಹೇಳು," ಎಂದಳು. ದನಿ ಏರಲಿಲ್ಲ.

ಉಪ್ಪು ತಿಂದವರು ನೀರು ಕುಡಿಯಲೇಬೇಕು. ಗದಿಗೆವ್ವ ಎರಡನೆಯ ಸಲ ಹೇಳಿದಳು. ಮೊದಲ ಸಲಕ್ಕಿಂತ ಅದು ಕಷ್ಟವಾಯಿತು. ಜೈತೂನಬಿ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟಳು.

"ಎರಡು ತಿಂಗಳು ನಿನ್ನ ಕೈಯಾಗಿನ ರೊಟ್ಟಿ ತಿಂದೇವಿ ನಾವು," ಎಂದಳು. "ಬಿಸಿ ರೊಟ್ಟಿ." ಅಷ್ಟಂದು ಹೊರಟುಹೋದಳು. ಸಂಜೆಯೊಳಗೆ ಇದು ಹದಿನಾರು ಮನೆಗೆ ಮುಟ್ಟುತ್ತದೆ, ನಾಳೆ ರಾಣೆಬೆನ್ನೂರಿಗೆ. ರಾತ್ರಿ ಊಟಕ್ಕೆ ಗಂಡ ಬರುತ್ತಾನೆ, ಮೈದುನ ಬರುತ್ತಾನೆ. ಗದಿಗೆವ್ವ ಅದನ್ನೆಲ್ಲ ನೆನೆಯುತ್ತ ಕುಳಿತಲ್ಲೇ ಕುಳಿತಳು.

ಮುದುಕವ್ವ ಎಲೆಯಡಿಕೆಯ ಚೀಲ ಬದಿಗಿಟ್ಟಳು. "ಬಡಿದಾಡೂದು ಆಮ್ಯಾಲ. ಮೊದ್ಲ ಬೀಜಾ ನೋಡ್ರಿ, ಒಣಗತಾವ."

ಜಯವ್ವ ಗಿಂಡಿ ಸರಿಸಿ ಗೂಡಿನಿಂದ ಚಿಮುಟ ತೆಗೆದಳು. ಅದರ ಜೊತೆ ಉಂಗುರವೂ ಬಂತು. ಬೇಕಿಲ್ಲದಿದ್ದರೂ ರೂಢಿಯಂತೆ ಅದನ್ನು ಬೆರಳಿಗೆ ಏರಿಸಿದಳು. ತೆಂಗಿನ ಚಿಪ್ಪಿನಲ್ಲಿ ಮಣ್ಣು ತುಂಬಿ, ಮಂಡಿಯೂರಿ, ಒಂದೊಂದೇ ಬೀಜವನ್ನು ಬೇರಿನ ಸಮೇತ ಎತ್ತಿ ಇಳಿಸಿದಳು. ನಾಲ್ಕಕ್ಕೆ ನಾಲ್ಕೂ ಇಳಿದವು. ಒಂದೂ ಮುರಿಯಲಿಲ್ಲ.

ನಾಚಿಕೆಯಿಂದ ನೆಲ ನೋಡಬೇಕಾದ ಗದಿಗೆವ್ವ ಆ ಬೆರಳುಗಳನ್ನೇ ನೋಡುತ್ತಿದ್ದಳು. ಅವಳ ತವರಿನ ಬೀಜ, ಅವಳ ಗಡಿಗೆ, ಆದರೂ ಬದುಕಿಸಿದ ಕೈ ಅವಳದಲ್ಲ. ಇಷ್ಟೆಲ್ಲ ಆದಮೇಲೂ ಹೊಟ್ಟೆಯೊಳಗೆ ಅದೇ ಹಳೆಯ ಕಿಚ್ಚು ಮೆಲ್ಲಗೆ ಎದ್ದಿತು. ಇನ್ನು ಇದರ ಜೊತೆಯಲ್ಲೇ ಬಾಳಬೇಕು ಎಂದು ಅವಳಿಗೆ ಆಗ ತಿಳಿಯಿತು.

"ನೀರು ಹಾಕು," ಎಂದಳು ಜಯವ್ವ, ತಲೆ ಎತ್ತದೆ. "ಜೋರು ಬ್ಯಾಡ."

ಗದಿಗೆವ್ವ ಅಂಗೈಯಲ್ಲಿ ನೀರು ಹಿಡಿದು, ಬೆರಳ ಸಂದಿಯಿಂದ ಹನಿ ಹನಿಯಾಗಿ ಬಿಟ್ಟಳು.